‘ನಮ್ಮವರು’ ಯಾರು? ಕೋಟೆಯನ್ನೇ ಕೇಳೋಣ

ರಜಾದಿನಗಳು ಬಂದರೆ ನಮ್ಮ ಕುಟುಂಬಗಳು ದೂರದ ಊರುಗಳಿಗೆ ಪ್ರವಾಸ ಹೊರಡುತ್ತವೆ. ಆದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಎಷ್ಟು ಮಕ್ಕಳು ಚನ್ನಗಿರಿಯ ಗುಡ್ಡದ ಮೇಲಿನ ಕೋಟೆಯನ್ನು ಹತ್ತಿ ನೋಡಿದ್ದಾರೆ? ಸಂತೆಬೆನ್ನೂರಿನ ಪುಷ್ಕರಣಿ ಮತ್ತು ಅದರೆದುರಿನ ಮುಸಾಫಿರ್‌ಖಾನೆಯನ್ನು ಎಷ್ಟು ಮಂದಿ ಕಂಡಿದ್ದಾರೆ? ಮನೆಯಂಗಳದ ಇತಿಹಾಸವನ್ನು ನಾವು ನೋಡದೇ ಹೋದಾಗ, ಅದನ್ನು ನಮಗೆ ಹೇಳಿಕೊಡುವ ಕೆಲಸವನ್ನು ಬೇರೆಯವರು ವಹಿಸಿಕೊಳ್ಳುತ್ತಾರೆ. ಹೇಳುವವರ ಉದ್ದೇಶ ಯಾವಾಗಲೂ ಒಳ್ಳೆಯದಿರಬೇಕೆಂದಿಲ್ಲ.

ಸಂತೆಬೆನ್ನೂರಿನ ಪುಷ್ಕರಣಿಯನ್ನು 16ನೇ ಶತಮಾನದಲ್ಲಿ ಕಟ್ಟಿಸಿದವನು ಪಾಳೆಯಗಾರ ಹನುಮಪ್ಪ ನಾಯಕ. 17ನೇ ಶತಮಾನದಲ್ಲಿ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ ಊರನ್ನು ಗೆದ್ದು, ಅಲ್ಲಿದ್ದ ದೇಗುಲವನ್ನು ಕೆಡವಿ ಮುಸಾಫಿರ್‌ಖಾನೆಯನ್ನು ಕಟ್ಟಿಸಿದನೆಂದು ಸ್ಥಳೀಯ ಇತಿಹಾಸ ಹೇಳುತ್ತದೆ. ಇದನ್ನು ಕೇಳಿದ ಮಗು, “ಕೆಡವಿದವರು ನಮ್ಮವರಾ?” ಎಂದು ಕೇಳಿದರೆ ಏನು ಹೇಳುವುದು? ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ, ಸಮರ್ಥಿಸುವುದು ನ್ಯಾಯವಲ್ಲ. ಕೆಡವಿದ್ದು ತಪ್ಪೆಂದು ಸ್ಪಷ್ಟವಾಗಿ ಹೇಳಬೇಕು. ಆ ಬಳಿಕ, ‘ನಮ್ಮವರು’ ಅಂದರೆ ಯಾರು ಎಂದು ಮಗುವಿನೊಂದಿಗೆ ಕುಳಿತು ಯೋಚಿಸಬೇಕು.

ರಣದುಲ್ಲಾ ಖಾನನ 1637-38ರ ಕರ್ನಾಟಕ ದಂಡಯಾತ್ರೆಯಲ್ಲಿ ಅವನ ಜೊತೆಗಿದ್ದ ಪ್ರಮುಖ ಸೇನಾನಿ ಶಹಾಜಿ ಭೋಂಸ್ಲೆ, ಅಂದರೆ ಶಿವಾಜಿಯ ತಂದೆ. ಗೆದ್ದ ಬೆಂಗಳೂರು ಜಹಗೀರಾಗಿ ದೊರೆತದ್ದು ಆತನಿಗೆ. ಆ ಆದಿಲ್‌ಶಾಹಿ ರಾಜ್ಯವನ್ನು 1686ರಲ್ಲಿ ಕೊನೆಗಾಣಿಸಿದ್ದು ಯಾವುದೇ ಹಿಂದೂ ಅರಸನಲ್ಲ, ಔರಂಗಜೇಬ್. ಮೂರು ವರ್ಷಗಳ ಬಳಿಕ ಅದೇ ಔರಂಗಜೇಬನ ಸೇನೆಯಿಂದ ತಪ್ಪಿಸಿಕೊಂಡು ಬಂದ ಶಹಾಜಿಯ ಮೊಮ್ಮಗ ರಾಜಾರಾಮನಿಗೆ ಆಶ್ರಯ ಕೊಟ್ಟವಳು ಕೆಳದಿಯ ರಾಣಿ ಚೆನ್ನಮ್ಮ. ಚನ್ನಗಿರಿಗೆ ಆ ಹೆಸರು ಬಂದದ್ದು ಆಕೆಯಿಂದಲೇ ಎಂಬುದು ಪ್ರತೀತಿ. ಅಜ್ಜ ಸುಲ್ತಾನನ ಸೇನಾನಿ, ಮೊಮ್ಮಗ ಬಾದಶಹನ ಶತ್ರು. ಇದರಲ್ಲಿ ಧರ್ಮದ ಗೆರೆಯನ್ನು ಎಳೆಯುವುದಾದರೂ ಎಲ್ಲಿ?

ಚನ್ನಗಿರಿಯಲ್ಲೇ ಹುಟ್ಟಿದ ಧೋಂಡಿಯಾ ವಾಘನ ಬದುಕು ಇನ್ನೂ ವಿಚಿತ್ರ. ಮರಾಠಾ ಮೂಲದ ಈತ ಹೈದರಲಿಯ ಸೇನೆಯಲ್ಲಿದ್ದ. ಟಿಪ್ಪು ಈತನನ್ನು ಸೆರೆಯಲ್ಲಿಟ್ಟಿದ್ದ. 1799ರಲ್ಲಿ ಶ್ರೀರಂಗಪಟ್ಟಣ ಪತನಗೊಂಡಾಗ ಹೊರಬಂದ ಈತ, ಟಿಪ್ಪುವಿನ ಚದುರಿದ ಸೈನಿಕರನ್ನೇ ಕೂಡಿಸಿಕೊಂಡು ಬ್ರಿಟಿಷರ ವಿರುದ್ಧ ಹೋರಾಡಿದ. 1800ರ ಸೆಪ್ಟೆಂಬರ್ 10ರಂದು ಆರ್ಥರ್ ವೆಲ್ಲೆಸ್ಲಿಯ ಸೇನೆಯೆದುರು ಮಡಿದ. ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಅದೇ ವೆಲ್ಲೆಸ್ಲಿ, ಧೋಂಡಿಯಾನ ಅನಾಥ ಮಗನ ಪೋಷಣೆಯ ಹೊಣೆ ಹೊತ್ತ. ಶತ್ರುವಿನ ಮಗನಿಗೂ ಕರುಣೆಗೆ ಹಕ್ಕಿದೆಯೆಂದು ಯುದ್ಧವೇ ವೃತ್ತಿಯಾಗಿದ್ದವನಿಗೂ ತಿಳಿದಿತ್ತು.

ಅರಸರು ರಾಜ್ಯಕ್ಕಾಗಿ, ಕಂದಾಯಕ್ಕಾಗಿ, ಪ್ರತಿಷ್ಠೆಗಾಗಿ ಕಾದಾಡಿದರು. ಅವರ ಗೆಲುವಿನಲ್ಲಿ ನಮಗೆ ಪಾಲಿಲ್ಲ, ಅವರ ಅಪರಾಧಕ್ಕೆ ನಮ್ಮ ಮಕ್ಕಳು ಉತ್ತರದಾಯಿಗಳೂ ಅಲ್ಲ. ಆದರೆ ಅವರು ಬಿಟ್ಟುಹೋದ ಕಲ್ಲುಗಳಿಗೆ ನಾವೆಲ್ಲರೂ ಹೊಣೆಗಾರರು. ಪುಷ್ಕರಣಿ ಮತ್ತು ಮುಸಾಫಿರ್‌ಖಾನೆ ಎರಡೂ ಇಂದು ಕೇಂದ್ರ ಪುರಾತತ್ವ ಇಲಾಖೆಯ ಒಂದೇ ರಕ್ಷಣೆಯಲ್ಲಿವೆ. ಇಂತಹ ಸ್ಮಾರಕಕ್ಕೆ ಹಾನಿ ಮಾಡಿದವರಿಗೆ 2010ರ ತಿದ್ದುಪಡಿಯಂತೆ ಎರಡು ವರ್ಷಗಳವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ, ಎರಡನ್ನೂ ವಿಧಿಸಬಹುದು. ಗೋಡೆಯ ಮೇಲೆ ಹೆಸರು ಗೀಚುವ ಯುವಕರಿಗೆ ಇದು ತಿಳಿದಿರಲಿ.

ಹೆತ್ತವರೇ, ಮುಂದಿನ ರಜೆಯಲ್ಲಿ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಿರಿ. ಸಾಧ್ಯವಾದರೆ ನೆರೆಮನೆಯ ಹಿಂದೂ ಸಹೋದರರ ಮಕ್ಕಳನ್ನೂ ಜೊತೆಗೆ ಸೇರಿಸಿಕೊಳ್ಳಿ. ಕೊಳದ ಮೆಟ್ಟಿಲ ಮೇಲೆ ಬುತ್ತಿ ಹಂಚಿಕೊಂಡು ತಿಂದ ಮಕ್ಕಳನ್ನು ನಾಳೆ ಇತಿಹಾಸದ ಹೆಸರಲ್ಲಿ ಕೆರಳಿಸುವುದು ಅಷ್ಟು ಸುಲಭವಲ್ಲ.