‘ಲಟಕ್’ ಎಂದರೆ ಮೂಳೆ ಸರಿಹೋಯಿತೆ?

ಕೈರೊಪ್ರಾಕ್ಟಿಕ್ ಚಿಕಿತ್ಸಕರು ಬೆನ್ನನ್ನು ಥಟ್ಟನೆ ಒತ್ತಿದಾಗ ‘ಲಟಕ್’ ಎಂಬ ಸದ್ದು ಕೇಳುತ್ತದೆ. ಜಾರಿದ ಮೂಳೆ ತನ್ನ ಜಾಗಕ್ಕೆ ಮರಳಿತು ಎಂದು ಹಲವರು ನಂಬುತ್ತಾರೆ. ಆದರೆ ಆಗುವುದು ಬೇರೆ. ಕೀಲಿನೊಳಗಿನ ದ್ರವದಲ್ಲಿ ಅನಿಲ ಕರಗಿರುತ್ತದೆ. ಕೀಲಿನ ಎರಡು ಬದಿ ದೂರ ಸರಿದಾಗ ಒತ್ತಡ ಕುಸಿದು ಅನಿಲದ ಗುಳ್ಳೆ ಮೂಡುತ್ತದೆ. ಈ ಸದ್ದಿಗೂ ಅದಕ್ಕೂ ನಂಟಿದೆ. ಬೆರಳಿನ ನೆಟಿಗೆ ಮುರಿದಾಗಲೂ ಹೀಗೆಯೇ. ಸದ್ದು ಬಂದರೆ ಬೆನ್ನು ನೇರವಾಯಿತೆಂದಲ್ಲ.

1895ರಲ್ಲಿ ಅಮೆರಿಕದ ಡಿ. ಡಿ. ಪಾಮರ್ ಈ ಪದ್ಧತಿ ಆರಂಭಿಸಿದರು. ಬಹುತೇಕ ಕಾಯಿಲೆಗಳಿಗೆ ಜರುಗಿದ ಬೆನ್ನುಮೂಳೆಯೇ ಕಾರಣ ಎಂಬುದು ಅವರ ವಾದವಾಗಿತ್ತು. ಅದಕ್ಕೆ ವೈಜ್ಞಾನಿಕ ಪುರಾವೆಯಿಲ್ಲ.

ಹಾಗಾದರೆ ಉಪಯೋಗವೇ ಇಲ್ಲವೆ? ಸೊಂಟನೋವಿಗೆ ಸ್ವಲ್ಪ ಆರಾಮ ಸಿಗಬಹುದು. ವ್ಯಾಯಾಮದಿಂದಲೂ ಹೆಚ್ಚುಕಡಿಮೆ ಅಷ್ಟೇ ಸಿಗುತ್ತದೆ. ನೋವೇ ಇಲ್ಲದವರು ಮೂಳೆ ‘ಜಾರದಿರಲಿ’ ಎಂದು ವರ್ಷಗಟ್ಟಲೆ ಹಣ ಕಟ್ಟಬೇಕಿಲ್ಲ.

ಕುತ್ತಿಗೆಯ ವಿಷಯದಲ್ಲಿ ಎಚ್ಚರ ಬೇಕು. ಕ್ಷೌರದಂಗಡಿಯಲ್ಲಿ ತಿರುಗಿಸಿದರೂ ಅಷ್ಟೇ: ಅಪರೂಪಕ್ಕೆ ಮಿದುಳಿಗೆ ಹೋಗುವ ರಕ್ತನಾಳ ಸೀಳಿ ಪಾರ್ಶ್ವವಾಯು ಆಗಬಹುದು. ಬೆನ್ನುನೋವಿನ ಜತೆ ಕಾಲಿನ ಶಕ್ತಿ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ಬೆನ್ನು ಒತ್ತಿಸಿಕೊಳ್ಳಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ.