ಸೂಜಿ ಇಳಿದರೆ ಕತ್ತಿನ ನೋವು ಇಳಿದೀತೆ?

ಆನೆಗೊಂದಿಯಲ್ಲಿ ಬಾಳೆನಾರು ಹೆಣೆಯುವವರು, ಗಂಗಾವತಿಯ ಗದ್ದೆಗಳಲ್ಲಿ ಭತ್ತ ನಾಟಿ ಮಾಡುವವರು ತಾಸುಗಟ್ಟಲೆ ಕತ್ತು ಬಗ್ಗಿಸಿಯೇ ದುಡಿಯುತ್ತಾರೆ. ಇದರಿಂದ ಅಂಟಿಕೊಳ್ಳುವ ಹಳೇ ಕತ್ತುನೋವಿಗೆ ‘ಡ್ರೈ ನೀಡ್ಲಿಂಗ್’ ಎಂಬ ಚಿಕಿತ್ಸೆಯಿದೆ: ಔಷಧವಿಲ್ಲದ ಕೂದಲೆಳೆಯಂಥ ಸೂಜಿಯನ್ನು ಸ್ನಾಯುವಿನ ಗಂಟಿಗೇ ಇಳಿಸುತ್ತಾರೆ, ಆ ಗಂಟು ಪಟ್ಟನೆ ಅದುರುತ್ತದೆ, ಬಿಗಿ ಸಡಿಲಾಗುತ್ತದೆ ಎಂಬುದು ತರ್ಕ. 1979ರಲ್ಲಿ ಜೆಕ್ ವೈದ್ಯ ಕಾರೆಲ್ ಲೆವಿಟ್ ಬರೆದ ಪ್ರಬಂಧ ಇದನ್ನು ಚರ್ಚೆಗೆ ತಂದಿತು. ಆಮೇಲಿನ ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದರೆ ಕೆಲವು ವಾರಗಳ ಮಟ್ಟಿಗೆ ನೋವು ತಗ್ಗುವುದು ನಿಜ. ತಿಂಗಳುಗಳಾಚೆಗೆ ವ್ಯಾಯಾಮಕ್ಕಿಂತ ಮೇಲು ಎನ್ನಲು ಪುರಾವೆ ಸಾಲದು. ಅಷ್ಟಾದರೂ ಸಿಕ್ಕಿತಲ್ಲ ಎನ್ನುವವರಿದ್ದಾರೆ. ಒಪ್ಪೋಣ, ಕೂಲಿಯವರಿಗೆ ನಾಲ್ಕು ರಾತ್ರಿಯ ನಿದ್ದೆಯೂ ಸಣ್ಣದಲ್ಲ. ಆದರೆ ಹೆಗಲ ಮೇಲೆ ಸೂಜಿ ಆಳಕ್ಕಿಳಿದರೆ ಶ್ವಾಸಕೋಶಕ್ಕೇ ತಗಲುವ ಅಪಾಯ, ಅಪರೂಪವಾದರೂ, ಇದ್ದೇ ಇದೆ. ತರಬೇತಿ ಪಡೆದ ಕೈ ಬೇಕು. ನೋವು ತಗ್ಗಿದ ಆ ವಾರಗಳಲ್ಲೇ ಕತ್ತು-ಹೆಗಲು ಗಟ್ಟಿಮಾಡುವ ವ್ಯಾಯಾಮ ಶುರುವಾಗಬೇಕು, ಕತ್ತು ಅಷ್ಟು ಬಗ್ಗದಂತೆ ಹೆಣೆಯುವ ಬುಟ್ಟಿ ತೊಡೆಯಿಂದ ಒಂದು ಗೇಣು ಮೇಲೇರಬೇಕು.