ಫಾರ್ಮ್ಯಾಟ್ ಹೊಡೆಯೋ ಮುಂಚೆ ಒಂದು ನಿಮಿಷ ಸ್ವಾಮಿ!

ಲಿನಕ್ಸ್ ಬಳಸೋ ನಮ್ಮ ಜನರಲ್ಲಿ ಎರಡು ಪಂಗಡ ಇವೆ. ಅಪ್‌ಡೇಟ್ ಆದ ಮೇಲೆ ಯಾವುದೋ ತಂತ್ರಾಂಶ ತೆರೆದ ಕೂಡಲೇ ಮುಚ್ಚಿಕೊಳ್ತಿದೆ ಅನ್ನಿ. ಮೊದಲನೇ ಪಂಗಡದವರು "ಫಾರ್ಮ್ಯಾಟ್ ಹೊಡಿ, ಹೊಸದಾಗಿ ಹಾಕು" ಅಂತಾರೆ. ಎರಡನೇ ಪಂಗಡದವರು "ಅಪ್‌ಡೇಟ್ ಮಾಡು ಅಂತ ನಿನಗೆ ಹೇಳಿದ್ಯಾರು?" ಅಂತ ಬೈತಾರೆ. ನನ್ನೂರು ರೂಪನಗುಡಿ, ಹೊಟ್ಟೆಪಾಡಿಗೆ ಬೆಂಗಳೂರಲ್ಲಿ ಕೋಡ್ ಬರೀತೀನಿ. ಊರಿಗೆ ಹೋದಾಗ ಲ್ಯಾಪ್‌ಟಾಪ್ ಹಿಡ್ಕೊಂಡು ಬರೋ ಬಳ್ಳಾರಿ, ಸಿರುಗುಪ್ಪ ಕಡೆಯ ಕಾಲೇಜು ಹುಡುಗರಿಗೆ ಯಾರೋ ಒಬ್ಬರು ಈ ಎರಡರಲ್ಲೊಂದು ಔಷಧಿ ಆಗಲೇ ಬರೆದುಕೊಟ್ಟಿರ್ತಾರೆ. ಇವೆರಡೂ ಔಷಧಿಯೇ ಅಲ್ಲ, ಬರೀ ಸೋಮಾರಿತನ ಅನ್ನೋದು ನನ್ನ ವಾದ.

ಲೈಬ್ರರಿ ಅಂದ್ರೆ ನಮ್ಮ ಕಡೆಯ ಕಾಲುವೆ ಇದ್ದ ಹಾಗೆ. ಒಂದೊಂದು ಹೊಲಕ್ಕೂ ತುಂಗಭದ್ರೆಯಿಂದ ಬೇರೆ ಬೇರೆ ಕಾಲುವೆ ತೋಡಲ್ಲ. ಕಾಲುವೆ ಒಂದೇ, ತೂಬು ನೂರಾರು. ಹಾಗೇ ಅಕ್ಷರ ಮೂಡಿಸೋಕೆ, ಚಿತ್ರ ಬಿಡಿಸೋಕೆ, ಗುಪ್ತವಾಗಿ ಮಾಹಿತಿ ಕಳಿಸೋಕೆ ಒಂದೊಂದು ಲೈಬ್ರರಿ ಇರುತ್ತೆ. ನೂರಾರು ತಂತ್ರಾಂಶಗಳು ಅದನ್ನೇ ಹಂಚಿಕೊಳ್ಳುತ್ತವೆ. ಮೇಲೆ ಕಾಲುವೆ ಮಟ್ಟ ಬದಲಾಯಿಸಿದರೆ ಕೊನೇ ಭಾಗದ ರೈತನ ತೂಬಿಗೆ ನೀರು ಹತ್ತಲ್ಲ. ಆಗ ಅವನು ತನ್ನ ಹೊಲ ಉತ್ತು ಮತ್ತೆ ಬಿತ್ತಿದರೆ ನೀರು ಬಂದುಬಿಡುತ್ತಾ? ಫಾರ್ಮ್ಯಾಟ್ ಅಂದ್ರೆ ಇಷ್ಟೇ ಸ್ವಾಮಿ. ಹೊಸದಾಗಿ ಹಾಕಿ ಅಪ್‌ಡೇಟ್ ಕೊಟ್ಟ ತಕ್ಷಣ ಅದೇ ಹೊಸ ಲೈಬ್ರರಿ ಬರುತ್ತೆ, ಅದೇ ತಂತ್ರಾಂಶ ಮತ್ತೆ ಕುಸಿಯುತ್ತೆ. ಅರ್ಧ ದಿನ ಹಾಳಾಗಿದ್ದು ಬೇರೆ.

ಲಿನಕ್ಸಿನಲ್ಲಿ ತಂತ್ರಾಂಶ ಸಾಯೋ ಮುಂಚೆ ಸಾಮಾನ್ಯವಾಗಿ ಹೇಳಿಕೆ ಕೊಟ್ಟೇ ಸಾಯುತ್ತೆ. ಓದೋರು ಬೇಕಷ್ಟೆ.

ಮೊದಲು ಒಂದು ಸಲ ರೀಸ್ಟಾರ್ಟ್ ಮಾಡಿ. ಇದು ತಮಾಷೆ ಅಲ್ಲ. ಅಪ್‌ಡೇಟ್ ಆಗುವಾಗ ಓಡುತ್ತಿದ್ದ ತಂತ್ರಾಂಶ ಹಳೇ ಲೈಬ್ರರಿಯನ್ನೇ ನೆನಪಿನಲ್ಲಿ ಇಟ್ಟುಕೊಂಡಿರುತ್ತೆ, ಡಿಸ್ಕಿನಲ್ಲಿ ಮಾತ್ರ ಹೊಸದು ಬಂದಿರುತ್ತೆ. ಆಮೇಲೆ ಯಾವುದೋ ಪ್ಲಗಿನ್ ಎಳೆದುಕೊಂಡರೆ ಅರ್ಧ ಹಳೇದು, ಅರ್ಧ ಹೊಸದು ಸೇರಿ ಕುಸಿತ. ಫೆಡೋರಾದಂಥವು ರೀಬೂಟ್ ಮಾಡಿಸಿ, ಬೇರೇನೂ ಓಡದ ಹೊತ್ತಲ್ಲಿ ಅಪ್‌ಡೇಟ್ ಹಾಕೋದು ಈ ಕಾರಣಕ್ಕೇ.

ಆಮೇಲೂ ಬಿದ್ದರೆ ಟರ್ಮಿನಲ್‌ನಿಂದ ಓಡಿಸಿ. "ಶೇರ್ಡ್ ಲೈಬ್ರರಿ ತೆರೆಯಲಾಗಲಿಲ್ಲ" ಅಂದ್ರೆ ಫೈಲೇ ಸಿಕ್ಕಿಲ್ಲ. ಎಲ್‌ಡಿಡಿ ಅನ್ನೋ ಆಜ್ಞೆ ಯಾವುದು ಸಿಕ್ಕಿಲ್ಲ ಅಂತ ಸಾಲು ಸಾಲಾಗಿ ತೋರಿಸುತ್ತೆ. "ಅನ್‌ಡಿಫೈನ್ಡ್ ಸಿಂಬಲ್" ಅಂದ್ರೆ ಫೈಲ್ ಸಿಕ್ಕಿದೆ, ಒಳಗೆ ಬೇಕಾದ ಫಂಕ್ಷನ್ ಇಲ್ಲ. ಎಂದೋ ಕೈಯಾರೆ ಹಾಕಿದ ಹಳೇ ಪ್ರತಿಯೊಂದು ದಾರಿಗೆ ಅಡ್ಡ ನಿಂತಿರಬಹುದು. "ಸೆಗ್ಮೆಂಟೇಶನ್ ಫಾಲ್ಟ್" ಅಂದ್ರೆ ಕೋರ್‌ಡಂಪ್‌ಸಿಟಿಎಲ್ ಇದ್ದರೆ ಅದನ್ನೂ ಜಿಡಿಬಿಯನ್ನೂ ಕೇಳಿ, ಯಾವ ಲೈಬ್ರರಿಯೊಳಗೆ ಬಿತ್ತು ಅಂತ ಹೇಳುತ್ತವೆ. ಕೊನೆಗೆ ಉಬುಂಟು, ಡೆಬಿಯನ್ ಆದರೆ ಆಪ್ಟ್‌ನ ಹಿಸ್ಟರಿ ಲಾಗ್, ಫೆಡೋರಾ ಆದರೆ ಡಿಎನ್‌ಎಫ್ ಹಿಸ್ಟರಿ ತೆರೆದು ಇವತ್ತು ಏನೇನು ಬದಲಾಯ್ತು ನೋಡಿ. ಎರಡೂ ಪಟ್ಟಿಯಲ್ಲಿರೋ ಹೆಸರೇ ನಿಮ್ಮ ಮೊದಲ ಆರೋಪಿ. ಹಿಂದಿನ ಆವೃತ್ತಿ ಸಿಗುವ ಹಾಗಿದ್ದರೆ ಆ ಒಂದನ್ನು ಮಾತ್ರ ಹಿಂದಕ್ಕೆ ತನ್ನಿ, ಸರಿಪಡಿಸಿದ್ದು ಬರೋವರೆಗೆ ಹಿಡಿದಿಡಿ. ಇಷ್ಟಕ್ಕೆ ಇಂಜಿನಿಯರಿಂಗ್ ಡಿಗ್ರಿ ಬೇಡ, ತಾಳ್ಮೆ ಸಾಕು.

ಇಲ್ಲಿ ಮೂರನೇ ಪಂಗಡ ಒಂದಿದೆ, ಇವರು ಇನ್ನೂ ಅಪಾಯ. 5ನೇ ನಂಬರಿನ ಲೈಬ್ರರಿ ಸಿಗಲಿಲ್ಲವಾ, 6ನೇ ನಂಬರಿನದಕ್ಕೇ 5 ಅಂತ ಹೆಸರಿಟ್ಟು ಒಂದು ಲಿಂಕ್ ಹಾಕಿಬಿಡ್ತಾರೆ. ಹಳೇ ಒಪ್ಪಂದ ಮುರಿದಿದೆ ಅಂತ ಹೇಳೋಕೇ ಅಲ್ವೇ ಆ ನಂಬರ್ ಬದಲಾಯಿಸಿದ್ದು? ಬೇರೆಯವರ ಪಹಣಿ ಮೇಲೆ ನಮ್ಮ ಹೆಸರು ಬರೆದುಕೊಂಡರೆ ಹೊಲ ನಮ್ಮದಾಗುತ್ತಾ? ಇನ್ನು ಎಲ್ಲಿಂದಲೋ ಇಳಿಸಿದ ಜಿಲಿಬ್‌ಸಿಯನ್ನು ತಂದು ಸಿಸ್ಟಂ ಫೋಲ್ಡರಿಗೆ ಸುರಿಯೋರೂ ಇದ್ದಾರೆ. ಹಾಗೆ ಮಾಡಿದ ಮೇಲೆ ಫೈಲ್ ಪಟ್ಟಿ ತೋರಿಸೋ ಆಜ್ಞೆ ಕೂಡ ಓಡದೇ ಹೋಗಬಹುದು :)

"ಅಪ್‌ಡೇಟೇ ಬೇಡ" ಅನ್ನೋರಿಗೆ ಒಂದು ಮಾತು. 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯಲ್ಲಿ ಹಾರ್ಟ್‌ಬ್ಲೀಡ್ ಅನ್ನೋ ದೋಷ ಬಯಲಾಯ್ತು. ಸರ್ವರಿನ ನೆನಪಿನಲ್ಲಿದ್ದ ಪಾಸ್‌ವರ್ಡು, ಗುಪ್ತ ಕೀಲಿ ಯಾರು ಬೇಕಾದರೂ ಕದಿಯಬಹುದಿತ್ತು. ಆ ಒಂದು ಲೈಬ್ರರಿ ಬದಲಾಯಿಸಿ ರೀಸ್ಟಾರ್ಟ್ ಮಾಡಿದರೆ ಅದನ್ನು ಹಂಚಿಕೊಂಡ ಎಲ್ಲ ತಂತ್ರಾಂಶದ ತೂತೂ ಒಟ್ಟಿಗೆ ಮುಚ್ಚುತ್ತಿತ್ತು. ಅಪ್‌ಡೇಟ್ ನಿಲ್ಲಿಸಿದವರ ಬಾಗಿಲು ತೆರೆದೇ ಉಳಿಯಿತು. ಪದೇ ಪದೇ ಬದಲಾವಣೆ ಬೇಡ ಅನ್ನೋರು ದೀರ್ಘಕಾಲ ಬೆಂಬಲ ಇರೋ ಆವೃತ್ತಿ ಹಾಕಿಕೊಳ್ಳಲಿ. ಕಾಸರಗೋಡಿನ ಕನ್ನಡ ಶಾಲೆಗಳೂ ಸೇರಿ ಕೇರಳದ ಸರ್ಕಾರಿ ಶಾಲೆಗಳಿಗೆ ಕೊಡೋ ಕೈಟ್ ಗ್ನು/ಲಿನಕ್ಸ್ ಅಂಥ ಉಬುಂಟು ಆವೃತ್ತಿಯ ಮೇಲೇ ನಿಂತಿದೆ.

ಹಾಗಾದರೆ ತಪ್ಪು ಯಾರದು? ಎಷ್ಟೋ ಸಲ ಒಪ್ಪಂದ ಮುರಿಯೋ ಲೈಬ್ರರಿಯವರದು, ಇಲ್ಲವೇ ನಿಯಮ ಮೀರಿ ಬರೆದ ತಂತ್ರಾಂಶದವರದು. 2010ರಲ್ಲಿ ಫೆಡೋರಾ 14ರ ಹೊಸ ಜಿಲಿಬ್‌ಸಿ ಬಂದಾಗ 64 ಬಿಟ್ ಫ್ಲ್ಯಾಶ್‌ನಲ್ಲಿ ಹಾಡುಗಳು ಕರಕರ ಅನ್ನತೊಡಗಿದವು. ಮೆಮ್‌ಸಿಪಿವೈ ಫಂಕ್ಷನ್ನನ್ನು ಬಳಸಬಾರದ ರೀತಿಯಲ್ಲಿ ಫ್ಲ್ಯಾಶ್ ಬಳಸುತ್ತಿತ್ತು, ಅದು ಅಷ್ಟು ದಿನ ಹೇಗೋ ನಡೆದಿತ್ತು. ತಪ್ಪು ಫ್ಲ್ಯಾಶ್‌ದೇ ಅಂತ ಒಂದು ಕಡೆಯವರು ಕೈ ತೊಳೆದುಕೊಂಡರು. ಬಳಸುವವನಿಗೆ ತಪ್ಪು ಯಾರದು ಅನ್ನೋದು ಮುಖ್ಯ ಅಲ್ಲ, ಅವನ ಕೆಲಸ ಕೆಡಬಾರದು ಅಂತ ಲೈನಸ್ ಟೋರ್ವಾಲ್ಡ್ಸ್ ಆ ಬಗ್ ವರದಿಗೇ ಬಂದು ವಾದ ಮಾಡಿದರು. 2011ರ ಜಿಲಿಬ್‌ಸಿ 2.14ರಲ್ಲಿ ಹಳೇ ತಂತ್ರಾಂಶಗಳಿಗೆ ಹಳೇ ನಡವಳಿಕೆಯನ್ನೇ ಉಳಿಸಿಕೊಟ್ಟರು. ಇದೆಲ್ಲ ಶುರುವಾಗಿದ್ದು ಹಾಡಿನ ಸದ್ದು ವಿಚಿತ್ರವಾಗಿದೆ ಅಂತ ಯಾರೋ ಒಬ್ಬರು ಬರೆದ ವರದಿಯಿಂದ. ಅವರು ಫಾರ್ಮ್ಯಾಟ್ ಹೊಡೆದು ಸುಮ್ಮನಾಗಿದ್ದರೆ?

ಇದಕ್ಕಿಂತ ದೊಡ್ಡ ಉದಾಹರಣೆ 2024ರ ಮಾರ್ಚಿನದು. ಪೋಸ್ಟ್‌ಗ್ರೆಸ್ ಡೆವಲಪರ್ ಆಂಡ್ರೆಸ್ ಫ್ರಾಯಿಂಡ್ ಅವರಿಗೆ ಡೆಬಿಯನ್ ಯಂತ್ರದಲ್ಲಿ ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ನಿಧಾನ ಅನ್ನಿಸಿತು, ವ್ಯಾಲ್‌ಗ್ರೈಂಡ್ ಕೂಡ ದೂರು ಹೇಳುತ್ತಿತ್ತು. ಬೆನ್ನು ಹತ್ತಿ ಹೋದರೆ ಎಕ್ಸ್‌ಝಡ್ 5.6.0 ಮತ್ತು 5.6.1 ಆವೃತ್ತಿಗಳ ಲೈಬ್ರರಿಯೊಳಗೆ ಯಾರೋ ಬೇಕಂತಲೇ ಕಳ್ಳಬಾಗಿಲು ಇಟ್ಟಿದ್ದರು! ಬಹುತೇಕ ಯಂತ್ರಗಳಿಗೆ ತಲುಪೋ ಮುಂಚೆ ಅದು ಸಿಕ್ಕಿಬಿತ್ತು. ಅರ್ಧ ಸೆಕೆಂಡನ್ನು ನಿರ್ಲಕ್ಷಿಸದ ಒಬ್ಬ ಮನುಷ್ಯನಿಂದ.

ನಮಗೆ ಇದರಲ್ಲಿ ಇನ್ನೂ ಹೆಚ್ಚಿನ ಪಾಲಿದೆ. ಲಿನಕ್ಸಿನ ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್ ಎಲ್ಲದರಲ್ಲೂ ಕನ್ನಡದ ಒತ್ತಕ್ಷರ ಜೋಡಿಸೋದು ಹಾರ್ಫ್‌ಬಜ್ ಅನ್ನೋ ಒಂದೇ ಲೈಬ್ರರಿ. ಅದು ಎಡವಿದರೆ ಎಲ್ಲ ಕಡೆ ಕನ್ನಡ ಎಡವುತ್ತೆ. "ಸೂರ್ಯ"ದ ಅರ್ಕಾವತ್ತು ಸರಿ ಬಂತಾ, "ರ‍್ಯಾಂಕ್" ಮುರಿಯಿತಾ ಅಂತ ಅಲ್ಲಿ ಕೂತ ಇಂಗ್ಲಿಷ್ ಪ್ರೋಗ್ರಾಮರ್‌ಗೆ ಹೇಗೆ ಗೊತ್ತಾಗಬೇಕು? 2018ರ ಫೆಬ್ರವರಿಯಲ್ಲಿ ತೆಲುಗಿನ ಒಂದೇ ಒಂದು ಸಂಯುಕ್ತಾಕ್ಷರ ಬಂದರೆ ಐಫೋನಿನ ಆ್ಯಪ್‌ಗಳು ಕುಸಿಯುತ್ತಿದ್ದವು, ನೆನಪಿದೆಯಾ? ಜಗತ್ತಿನಾದ್ಯಂತ ಗಲಾಟೆ ಆಗಿದ್ದಕ್ಕೆ ಕೆಲವೇ ದಿನಗಳಲ್ಲಿ ಸರಿಹೋಯಿತು. ನಮ್ಮ ಅಕ್ಷರಕ್ಕೆ ಹಾಗಾದಾಗ ನಾವು ಗಲಾಟೆ ಮಾಡ್ತೀವಾ, ಫಾರ್ಮ್ಯಾಟ್ ಹೊಡೀತೀವಾ? ಕಾಲುವೆಯ ಕೊನೇ ಭಾಗದಲ್ಲಿರೋನು ಬಾಯಿ ಬಿಡದಿದ್ದರೆ ನೀರು ಬಂದಿಲ್ಲ ಅನ್ನೋದೇ ಮೇಲಿನವರಿಗೆ ತಿಳಿಯಲ್ಲ.

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ ಗೇಟಿನ ಚೈನ್ ಕಡಿದಾಗ ಅಣೆಕಟ್ಟು ಕೆಡವಿ ಹೊಸದು ಕಟ್ಟಿ ಅಂತ ಯಾರೂ ಹೇಳಲಿಲ್ಲ. ಹೋಗಿದ್ದು 33ರಲ್ಲಿ 19ನೇ ಗೇಟು ಅಂತ ಗುರುತಿಸಿದರು, ಒಂದು ವಾರದಲ್ಲಿ ಅಲ್ಲಿಗೆ ಸ್ಟಾಪ್‌ಲಾಗ್ ಇಳಿಸಿ ನೀರು ನಿಲ್ಲಿಸಿದರು. ನಿಮ್ಮ ಯಂತ್ರದಲ್ಲೂ ಕೆಟ್ಟಿರೋದು ಒಂದೇ ಗೇಟು ಇರಬಹುದು. ಅದರ ನಂಬರ್ ಹುಡುಕಿ. ಯಾವ ತಂತ್ರಾಂಶ, ಯಾವ ಲೈಬ್ರರಿ, ಯಾವ ಆವೃತ್ತಿಯಿಂದ ಯಾವುದಕ್ಕೆ ಹೋದಾಗ ಕೆಟ್ಟಿತು, ಯಾವ ಕನ್ನಡ ಪದಕ್ಕೆ ಬಿತ್ತು, ಈ ನಾಲ್ಕು ಸಾಲು ಬರೆದು ಬಗ್ ವರದಿ ಹಾಕಿ. ಇಂಗ್ಲಿಷ್ ಹರಕು ಮುರುಕಾದರೂ ಪರವಾಗಿಲ್ಲ, ಆವೃತ್ತಿ ನಂಬರ್ ಸರಿ ಇದ್ದರೆ ಸಾಕು.